ವಾಹನದ ಪ್ರೈಮರಿನ ಮೇಲಣ ಎಣ್ಣೆಯ ಕಲೆ: ನಿವಾರಣೆ ಮತ್ತು ಆರೋಗ್ಯರಕ್ಷಣೆ

ಮುಂಬಯಿ ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಮೋಟಾರು ವಾಹನವು ಇಂದು ಕೇವಲ ವೈಭವದ ವಸ್ತುವಾಗಿ ಉಳಿದಿಲ್ಲ. ಟ್ಯಾಕ್ಸಿ, ಟೆಂಪೋ ಅಥವಾ ಆಟೋರಿಕ್ಷಾ ಇಟ್ಟುಕೊಂಡವರಿಗೆ ಅದೇ ಅನ್ನದ ಮೂಲ. ನೌಕರಿಯಲ್ಲಿರುವವರಿಗೆ ತಿಂಗಳ ಕಂತು ಕಟ್ಟಿ ಪಡೆದ ಸ್ವತ್ತು. ಎಂಜಿನ್ನಿನ ಆರೈಕೆಯ ವಿಷಯದಲ್ಲಿ ನಾವು ತೋರುವ ಆಸ್ಥೆಯನ್ನು ವಾಹನದ ಕವಚದ ವಿಷಯದಲ್ಲಿ ತೋರುವುದಿಲ್ಲ. ಆದರೆ ಸಮುದ್ರದ ಉಪ್ಪುಗಾಳಿಯೂ, ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆಯೂ ಇರುವ ಈ ಊರಿನಲ್ಲಿ ವಾಹನವನ್ನು ಮೊದಲು ಕೊಲ್ಲುವುದು ತುಕ್ಕು. ತುಕ್ಕಿಗೆ ಅಡ್ಡ ನಿಲ್ಲುವ ಮೊದಲ ಕಾವಲುಗಾರನೇ ಪ್ರೈಮರ್ ಎಂಬ ತಳಬಣ್ಣ. ಆ ತಳಬಣ್ಣದ ಮೇಲೆ ಎಣ್ಣೆ ಬಿದ್ದರೆ ಆಗುವ ಹಾನಿ ಏನು, ಅದನ್ನು ತೆಗೆಯುವ ಕ್ರಮ ಯಾವುದು, ತೆಗೆಯುವವರ ದೇಹಕ್ಕೆ ಅಪಾಯವಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬ ಮೂರು ವಿಚಾರಗಳನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ವಾಣಿಜ್ಯಶಾಸ್ತ್ರದ ಪದವೀಧರನಾದ ನಾನು ರಸಾಯನಶಾಸ್ತ್ರಜ್ಞನೂ ಅಲ್ಲ, ವೈದ್ಯನೂ ಅಲ್ಲ. ಬ್ಯಾಂಕಿನಲ್ಲಿ ವಾಹನಸಾಲದ ಕೆಲಸ ನೋಡಿಕೊಂಡವನಾದ್ದರಿಂದ, ಸಾಲಕ್ಕೆ ಆಧಾರವಾದ ವಾಹನಗಳ ತಪಾಸಣೆಗಾಗಿ ನಗರದ ಮತ್ತು ಉಪನಗರಗಳ ಅನೇಕ ಗ್ಯಾರೇಜುಗಳನ್ನು ಕಾಣುವ ಪ್ರಸಂಗ ಬಂದಿದೆ. ಅಲ್ಲಿ ನೋಡಿದ್ದನ್ನು, ಕೇಳಿದ್ದನ್ನು, ಅನಂತರ ಓದಿ ತಿಳಿದದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮುಂಬಯಿಯ ಟ್ಯಾಕ್ಸಿ ಮತ್ತು ಬಣ್ಣದ ಕಸುಬು

ಈ ನಗರದ ಬಣ್ಣದ ಕಸುಬಿನ ಚರಿತ್ರೆಯು ಒಂದು ಕಾರಿನ ಚರಿತ್ರೆಯೊಡನೆ ಬೆಸೆದುಕೊಂಡಿದೆ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ ಕಾರನ್ನು ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಾಯಿತು. ಕಪ್ಪು ಮೈ, ಹಳದಿ ಛಾವಣಿಯ ಪದ್ಮಿನಿಯು ದಶಕಗಳ ಕಾಲ ಮುಂಬಯಿಯ ಟ್ಯಾಕ್ಸಿಯೇ ಆಗಿತ್ತು. ಅದರ ತಯಾರಿಕೆ ನಿಂತ ಮೇಲೂ, ಇಪ್ಪತ್ತು ವರ್ಷಗಳ ವಯೋಮಿತಿಯು ಮುಗಿಯುವವರೆಗೆ, ಅಂದರೆ 2023ರ ಅಕ್ಟೋಬರ್ ತಿಂಗಳವರೆಗೆ, ಕೊನೆಯ ಪದ್ಮಿನಿಗಳು ಬಾಡಿಗೆಗೆ ಓಡಿದವು.

ಉಕ್ಕಿನ ತಗಡಿನ ಆ ಕಾರು ಇಷ್ಟು ಮಳೆಗಾಲಗಳನ್ನು ಕಂಡದ್ದು ಹೇಗೆ? ಕುರ್ಲಾ, ಕಲೀನಾ ಮೊದಲಾದ ಕಡೆಗಳ ಡೆಂಟಿಂಗ್-ಪೇಂಟಿಂಗ್ ಕಾರ್ಮಿಕರು ಅದರ ತುಕ್ಕನ್ನು ಕೆರೆದು, ತೂತಿಗೆ ತಗಡು ಬೆಸೆದು, ಪುಟ್ಟಿ ತುಂಬಿ, ಪ್ರೈಮರ್ ಬಳಿದು, ಮತ್ತೆ ಮತ್ತೆ ಬಣ್ಣ ಹೊಡೆದದ್ದರಿಂದ. ಇಂದು ಪದ್ಮಿನಿ ಇಲ್ಲ. ಕಸುಬು ಮಾತ್ರ ಹಾಗೆಯೇ ಇದೆ. ಈಗಿನ ಕಾರುಗಳ ಕವಚವನ್ನು ಕಾರ್ಖಾನೆಯಲ್ಲಿಯೇ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುಚ್ಛಕ್ತಿಯ ಸಹಾಯದಿಂದ ಮೂಲೆಮೂಲೆಗೂ ಲೇಪಿಸಿ, ಕುಲುಮೆಯಲ್ಲಿ ಬೇಯಿಸುತ್ತಾರೆ. ಆದರೆ ಒಮ್ಮೆ ಅಪಘಾತವಾಗಿ ಬಾಗಿಲೋ ಮಡ್‌ಗಾರ್ಡೋ ನೆಗ್ಗಿತೆಂದರೆ, ಆ ಕಾರೂ ಬರಬೇಕಾದದ್ದು ರಸ್ತೆಬದಿಯ ಅದೇ ಗ್ಯಾರೇಜಿಗೆ, ಅದೇ ಕೈಗಳಿಗೆ.

ಪ್ರೈಮರ್ ಎಂದರೇನು?

ಮೇಲಣ ಬಣ್ಣವು ನೇರವಾಗಿ ಲೋಹಕ್ಕೆ ಚೆನ್ನಾಗಿ ಅಂಟುವುದಿಲ್ಲ. ಲೋಹಕ್ಕೂ ಬಣ್ಣಕ್ಕೂ ಮಧ್ಯಸ್ಥನಾಗಿ ನಿಂತು ಇಬ್ಬರನ್ನೂ ಹಿಡಿದುಕೊಳ್ಳುವುದು ಪ್ರೈಮರಿನ ಧರ್ಮ. ನಮ್ಮಲ್ಲಿ ಬಳಕೆಯಲ್ಲಿರುವ ಪ್ರೈಮರುಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಡಬ್ಬಿಯಿಂದ ತೆಗೆದು ಥಿನ್ನರ್ ಬೆರೆಸಿ ಬಳಿಯುವ ರೆಡ್ ಆಕ್ಸೈಡ್, ಎನ್.ಸಿ. ಪ್ರೈಮರ್ ಮುಂತಾದುವು ಮೊದಲನೆಯ ವರ್ಗ. ಎರಡು ಡಬ್ಬಿಗಳ ಪದಾರ್ಥವನ್ನು, ಅಂದರೆ ಪ್ರೈಮರ್ ಮತ್ತು ಹಾರ್ಡನರನ್ನು, ಬೆರೆಸಿ ಹೊಡೆಯುವ ಎಪಾಕ್ಸಿ ಮತ್ತು ಪಿ.ಯು. ಪ್ರೈಮರುಗಳು ಎರಡನೆಯ ವರ್ಗ. ಇವು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವುದರಿಂದ ಥಿನ್ನರಿಗೆ ಸುಲಭವಾಗಿ ಕರಗುವುದಿಲ್ಲ.

ಮೇಲ್ಬಣ್ಣವು ಹಿಡಿದುಕೊಳ್ಳಲೆಂದು ಪ್ರೈಮರಿನ ಮೈಯನ್ನು ಹೊಳಪಿಲ್ಲದಂತೆ, ಸೂಕ್ಷ್ಮವಾಗಿ ಒರಟಾಗಿ ತಯಾರಿಸಿರುತ್ತಾರೆ. ಬಣ್ಣಕ್ಕೆ ಹಿಡಿತ ಕೊಡುವ ಆ ಸಣ್ಣ ರಂಧ್ರಗಳೇ ನೀರಿಗೂ ಎಣ್ಣೆಗೂ ಆಶ್ರಯ ಕೊಡುತ್ತವೆ. ಆದ್ದರಿಂದ ಬರಿಯ ಪ್ರೈಮರ್ ಬಳಿದ ವಾಹನವು ಬಣ್ಣ ಹೊಡೆದ ವಾಹನವಲ್ಲ. ಹಣ ಸಾಲದೆಂದು ಕೆಲವರು ಪ್ರೈಮರಿನಲ್ಲಿಯೇ ಗಾಡಿಯನ್ನು ವಾರಗಟ್ಟಲೆ ಓಡಿಸುವುದುಂಟು. ಮಳೆಯ ನೀರು, ರಸ್ತೆಯ ಎಣ್ಣೆ, ಬಸ್ಸುಗಳ ಹೊಗೆ ಎಲ್ಲವನ್ನೂ ಅದು ಕುಡಿದಿರುತ್ತದೆ. ಅದರ ಮೇಲೆ ಹೊಡೆದ ಬಣ್ಣವು ನಿಲ್ಲದೆ ಹೋದರೆ ಪೇಂಟರನನ್ನು ದೂಷಿಸಿ ಫಲವಿಲ್ಲ.

ಎಣ್ಣೆಗಳ ಜಾತಿ

ಪ್ರೈಮರಿನ ಮೇಲೆ ಬೀಳುವ ಎಣ್ಣೆಯೆಲ್ಲ ಒಂದೇ ಜಾತಿಯದಲ್ಲ. ಜಾತಿ ತಿಳಿದರೆ ಮದ್ದು ತಿಳಿಯುತ್ತದೆ.

ಮೊದಲನೆಯದು ಖನಿಜ ತೈಲ. ಎಂಜಿನ್ ಆಯಿಲ್, ಗೇರ್ ಆಯಿಲ್, ಗ್ರೀಸ್ ಇವೆಲ್ಲ ಈ ಗುಂಪಿನವು. ಗ್ಯಾರೇಜಿನಲ್ಲಿ ಅತಿ ಹೆಚ್ಚಾಗಿ ತಗಲುವುದು ಇದೇ. ಗಾಳಿಯ ಕಂಪ್ರೆಸರಿನಿಂದ ಸೂಕ್ಷ್ಮ ಹನಿಗಳಾಗಿ ಹಾರಿ ಬಂದು ಕುಳಿತುಕೊಳ್ಳುವ ಎಣ್ಣೆಯೂ ಇದೇ ಜಾತಿಯದು.

ಎರಡನೆಯದು ಸಸ್ಯಜನ್ಯ ತೈಲ ಮತ್ತು ದೇಹದ ಜಿಡ್ಡು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ವಡಾಪಾವ್ ತಿಂದ ಕೈ, ದೇಹದ ಬೆವರಿನ ಜಿಡ್ಡು, ಇವು ಕಣ್ಣಿಗೆ ಕಾಣದೆ ಕಲೆ ಮಾಡುತ್ತವೆ. ನಮ್ಮವರು ಮಹಾನವಮಿಯಂದು ಆಯುಧಪೂಜೆ ಮಾಡುವಾಗ ಅರ್ಧ ಕೆಲಸವಾದ ವಾಹನಕ್ಕೂ ಗಂಧ ಕುಂಕುಮಗಳನ್ನಿಟ್ಟು ದೀಪ ಬೆಳಗುತ್ತಾರೆ. ಎಣ್ಣೆ ಬೆರಳು ಬಾನೆಟ್ಟಿಗೆ ತಗಲುತ್ತದೆ. ಪೂಜೆಯನ್ನು ಬಿಡಬೇಕಾಗಿಲ್ಲ. ಪ್ರೈಮರಿನ ಅವಸ್ಥೆಯಲ್ಲಿರುವ ಗಾಡಿಯ ಗಾಜಿಗೆ ಕುಂಕುಮವಿಟ್ಟರೂ ದೇವಿಗೆ ಅದು ಸಲ್ಲುತ್ತದೆ.

ಮೂರನೆಯದು ಸಿಲಿಕೋನ್. ಟಯರಿಗೂ ಡ್ಯಾಶ್‌ಬೋರ್ಡಿಗೂ ಹೊಳಪು ಕೊಡಲು ಹಚ್ಚುವ ಪಾಲಿಷುಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ಇದರ ಅತ್ಯಲ್ಪ ಅಂಶವೂ ಬಣ್ಣವನ್ನು ಕೆಡಿಸಬಲ್ಲುದಾದ್ದರಿಂದ, ಬಣ್ಣದ ಕೆಲಸ ನಡೆಯುವ ಜಾಗದಲ್ಲಿ ಇಂತಹ ಪಾಲಿಷನ್ನು ಸಿಂಪಡಿಸಲೇಬಾರದು.

ನಾಲ್ಕನೆಯದು ಬ್ರೇಕ್ ಆಯಿಲ್. ಹೆಸರಿನಲ್ಲಿ ಆಯಿಲ್ ಎಂದಿದ್ದರೂ ಸಾಮಾನ್ಯ ಬಳಕೆಯ ಬ್ರೇಕ್ ದ್ರವವು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ. ಇದು ನೀರಿನಲ್ಲಿ ಕರಗುತ್ತದೆ ಮತ್ತು ಬಣ್ಣವನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಆದ್ದರಿಂದ ಇದು ಬಿದ್ದ ಕೂಡಲೆ ಒರೆಸದೆ, ಮೊದಲು ಧಾರಾಳವಾಗಿ ನೀರು ಸುರಿಯಬೇಕು.

ಕಲೆ ಉಳಿದರೆ ಆಗುವ ಹಾನಿ

ಎಣ್ಣೆಯ ಮೇಲೆ ಬಣ್ಣ ಹೊಡೆದಾಗ ಕೆಲವು ಸಲ ಅಲ್ಲಿಯೇ ಫಲ ಕಾಣುತ್ತದೆ. ಬಣ್ಣವು ಎಣ್ಣೆಯಿಂದ ಹಿಂದೆ ಸರಿದು ಸಣ್ಣ ಸಣ್ಣ ವೃತ್ತಾಕಾರದ ಕುಳಿಗಳಾಗುತ್ತವೆ. ಪೇಂಟರರು ಇದನ್ನು ಫಿಶ್ ಐ, ಅಂದರೆ ಮೀನುಗಣ್ಣು ಎನ್ನುತ್ತಾರೆ. ಇದು ಕಂಡೊಡನೆ ತಿದ್ದಬಹುದಾದ ದೋಷ. ಇದಕ್ಕಿಂತ ಕೆಟ್ಟದ್ದು ಆ ಹೊತ್ತಿಗೆ ಕಾಣದೆ ಉಳಿಯುವ ದೋಷ. ಬಣ್ಣ ಚೆನ್ನಾಗಿಯೇ ಒಣಗುತ್ತದೆ, ಹೊಳೆಯುತ್ತದೆ, ಮಾಲಿಕನು ಹಣ ಕೊಟ್ಟು ಗಾಡಿಯನ್ನು ಕೊಂಡೊಯ್ಯುತ್ತಾನೆ. ಜೂನ್ ತಿಂಗಳು ಬಂದು ನಾಲ್ಕು ಮಳೆ ಬಿದ್ದೊಡನೆ ಹಿಡಿತವಿಲ್ಲದ ಜಾಗದಲ್ಲಿ ಬೊಬ್ಬೆಗಳೇಳುತ್ತವೆ. ಬೊಬ್ಬೆ ಒಡೆದು ನೀರು ತಗಡನ್ನು ಮುಟ್ಟುತ್ತದೆ. ತುಕ್ಕು ಬಣ್ಣದ ಅಡಿಯಲ್ಲಿ ಹರಡುತ್ತದೆ.

ದುಡಿಯುವ ವಾಹನಕ್ಕೆ ಇದು ಇಮ್ಮಡಿ ನಷ್ಟ. ಬಣ್ಣದ ಖರ್ಚು ಎರಡನೆಯ ಸಲ ಬರುತ್ತದೆ. ಗಾಡಿ ಗ್ಯಾರೇಜಿನಲ್ಲಿ ನಿಂತಷ್ಟು ದಿನ ಆದಾಯವಿಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ. ಒಂದು ಗಂಟೆಯ ಶುಚಿಕಾರ್ಯವನ್ನು ಉಳಿಸಿ ಒಂದು ವಾರದ ಸಂಪಾದನೆಯನ್ನು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಕಲೆ ತೆಗೆಯುವ ಕ್ರಮ

ಮೊದಲ ನಿಯಮವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಜಿಡ್ಡು ತೆಗೆಯದೆ ಪಾಲಿಶ್ ಕಾಗದದಿಂದ ಉಜ್ಜಬಾರದು. ಕಲೆ ಕಂಡೊಡನೆ ಕಾಗದ ಹಿಡಿದು ಉಜ್ಜುವುದು ಸಹಜ ಪ್ರವೃತ್ತಿ. ಹಾಗೆ ಮಾಡಿದಾಗ ಮೇಲಿದ್ದ ಎಣ್ಣೆಯು ಗೀರುಗಳೊಳಕ್ಕೆ ಒತ್ತಲ್ಪಟ್ಟು ಇನ್ನೂ ಆಳಕ್ಕೆ ಇಳಿಯುತ್ತದೆ, ಸುತ್ತಲೂ ಹರಡುತ್ತದೆ. ಮೊದಲು ಶುಚಿ, ಆಮೇಲೆ ಉಜ್ಜುವಿಕೆ, ಮತ್ತೆ ಶುಚಿ: ಇದೇ ಸರಿಯಾದ ಕ್ರಮ.

1. ಹೀರಿಸುವುದು. ಎಣ್ಣೆ ಹಸಿಯಾಗಿದ್ದರೆ ಉಜ್ಜದೆ, ಒಣ ಬಿಳಿ ಬಟ್ಟೆಯನ್ನು ಒತ್ತಿ ಹೀರಿಸಬೇಕು. ಹಳೆಯ ವೃತ್ತಪತ್ರಿಕೆಯನ್ನು ಬಳಸುವ ರೂಢಿ ಒಳ್ಳೆಯದಲ್ಲ. ಪತ್ರಿಕೆಯ ಶಾಯಿಯಲ್ಲಿಯೇ ಎಣ್ಣೆಯ ಅಂಶವಿರುತ್ತದೆ.

2. ಸಾಬೂನು ನೀರು. ಪಾತ್ರೆ ತೊಳೆಯುವ ಸೌಮ್ಯ ದ್ರವವನ್ನು ಬೆಚ್ಚಗಿನ ನೀರಿಗೆ ಬೆರೆಸಿ ಮೆತ್ತನೆಯ ಬಟ್ಟೆಯಿಂದ ತೊಳೆದು, ಶುದ್ಧ ನೀರಿನಿಂದ ಎರಡು ಸಲ ಜಾಲಿಸಬೇಕು. ಧೂಳು, ಬೆವರು, ಉಪ್ಪು ಇವು ಹೋಗುವುದು ನೀರಿಗೇ ಹೊರತು ಥಿನ್ನರಿಗಲ್ಲ. ಆದರೆ ಬಟ್ಟೆ ಸೋಡ ಅಥವಾ ಕಾಸ್ಟಿಕ್ ಸೋಡವನ್ನು ಬಳಸಕೂಡದು. ಕ್ಷಾರವು ರೆಡ್ ಆಕ್ಸೈಡಿನಂತಹ ಪ್ರೈಮರನ್ನು ಸಾಬೂನಿನಂತೆ ಕರಗಿಸಿಬಿಡುತ್ತದೆ. ಪುಟ್ಟಿ ತೆರೆದಿರುವ ಜಾಗಕ್ಕೆ ನೀರು ತಗಲಿಸಬಾರದು. ಪುಟ್ಟಿ ನೀರನ್ನು ಕುಡಿದು ಒಳಗೇ ಇಟ್ಟುಕೊಳ್ಳುತ್ತದೆ.

3. ಒಣಗಿಸುವುದು. ಬಿಸಿಲಿನಲ್ಲಿ ಅಥವಾ ಫ್ಯಾನಿನ ಗಾಳಿಯಲ್ಲಿ ಸಂಪೂರ್ಣ ಒಣಗಬೇಕು. ಮಳೆಗಾಲದಲ್ಲಿ ಇದಕ್ಕೆ ಒಂದು ಪೂರ್ಣ ದಿನವಾದರೂ ಬೇಸರಿಸಬಾರದು.

4. ಪರೀಕ್ಷೆ. ಪ್ರೈಮರ್ ಯಾವ ವರ್ಗದ್ದೆಂದು ತಿಳಿಯದಿದ್ದರೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಬಿಳಿ ಬಟ್ಟೆಗೆ ಥಿನ್ನರ್ ಹಚ್ಚಿ ಒತ್ತಿ ನೋಡಬೇಕು. ಬಟ್ಟೆಗೆ ಬಣ್ಣ ಬಂದರೆ ಅದು ಒಂದೇ ಡಬ್ಬಿಯ ಪ್ರೈಮರ್. ಅದಕ್ಕೆ ಥಿನ್ನರ್ ಶತ್ರು. ಅಂತಹದನ್ನು ಮಿನರಲ್ ಟರ್ಪೆಂಟೈನ್ ಅಥವಾ ಬಣ್ಣದ ಅಂಗಡಿಗಳಲ್ಲಿ ದೊರೆಯುವ ಜಿಡ್ಡುನಿವಾರಕ ದ್ರವದಿಂದಲೇ ಶುಚಿಗೊಳಿಸಬೇಕು.

5. ಎರಡು ಬಟ್ಟೆಯ ವಿಧಾನ. ಇಡೀ ಕಾರ್ಯದ ಮರ್ಮವಿರುವುದು ಇಲ್ಲಿ. ಒಂದು ಕೈಯಲ್ಲಿ ದ್ರವದಲ್ಲಿ ಅದ್ದಿ ಹಿಂಡಿದ ಬಟ್ಟೆ, ಇನ್ನೊಂದು ಕೈಯಲ್ಲಿ ಒಣ ಬಟ್ಟೆ. ಒಂದು ಅಡಿ ಚೌಕದಷ್ಟು ಜಾಗವನ್ನು ಮಾತ್ರ ಒದ್ದೆ ಮಾಡಿ, ದ್ರವವು ಆರುವುದಕ್ಕೆ ಮುನ್ನವೇ ಒಣ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿ ತೆಗೆಯಬೇಕು. ಏಕೆಂದರೆ ದ್ರವವು ಎಣ್ಣೆಯನ್ನು ನಾಶಮಾಡುವುದಿಲ್ಲ; ಕೇವಲ ಕರಗಿಸುತ್ತದೆ. ತಾನಾಗಿ ಆರಲು ಬಿಟ್ಟರೆ ದ್ರವವು ಗಾಳಿಗೆ ಹೋಗುತ್ತದೆ, ಎಣ್ಣೆಯು ತೆಳುವಾಗಿ ಹರಡಿ ಅಲ್ಲಿಯೇ ಉಳಿಯುತ್ತದೆ. ಒಂದು ಖಾತೆಯ ಸಾಲವನ್ನು ಇನ್ನೊಂದು ಖಾತೆಗೆ ವರ್ಗಾಯಿಸಿದ ಮಾತ್ರಕ್ಕೆ ಸಾಲ ತೀರಿತೆಂದು ಹೇಳಲಾಗದಷ್ಟೆ! ಬಟ್ಟೆಯ ಮಗ್ಗುಲನ್ನು ಪ್ರತಿ ಸಲ ಬದಲಾಯಿಸಬೇಕು. ಕೊಳೆಯಾದೊಡನೆ ಬಟ್ಟೆಯನ್ನೇ ಬದಲಾಯಿಸಬೇಕು. ಗ್ಯಾರೇಜಿನಲ್ಲಿ ಎಲ್ಲ ಕೆಲಸಕ್ಕೂ ತಿರುಗುವ ಒಂದೇ ಫಡಕೆಯು ಕಲೆ ತೆಗೆಯುವ ಬದಲು ಕಲೆ ಹಂಚುತ್ತದೆ.

6. ನೀರಿನ ಸಾಕ್ಷಿ. ಶುಚಿಯಾಯಿತೋ ಇಲ್ಲವೋ ಎಂದು ತಿಳಿಯಲು ಸ್ವಲ್ಪ ಶುದ್ಧ ನೀರನ್ನು ಸಿಂಪಡಿಸಿ ನೋಡಬೇಕು. ನೀರು ಒಂದೇ ಪದರವಾಗಿ ಹರಡಿ ನಿಂತರೆ ಶುಚಿಯಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಒಡೆದರೆ ಅಲ್ಲಿ ಎಣ್ಣೆ ಇನ್ನೂ ಇದೆ. ಆಗ ಐದನೆಯ ಕ್ರಮವನ್ನು ಪುನಃ ಮಾಡಬೇಕು.

7. ಕೊನೆಯ ಉಪಾಯ. ಎರಡು ಮೂರು ಸಲ ಮಾಡಿದರೂ ನೀರು ಒಡೆಯುತ್ತಿದ್ದರೆ ಎಣ್ಣೆಯು ಪ್ರೈಮರಿನ ಆಳಕ್ಕೆ ಇಳಿದಿದೆ ಎಂದರ್ಥ. ಬ್ಯಾಂಕಿನವರು ವಸೂಲಾಗದ ಸಾಲವನ್ನು ಪುಸ್ತಕದಿಂದ ತೆಗೆದುಹಾಕುವಂತೆ, ಆ ಭಾಗದ ಪ್ರೈಮರನ್ನು ಲೋಹದವರೆಗೆ ತೆಗೆದು, ಲೋಹವನ್ನು ಶುಚಿಮಾಡಿ, ಅದೇ ದಿನ ಹೊಸ ಪ್ರೈಮರ್ ಹೊಡೆಯಬೇಕು. ಮುಂಬಯಿಯ ಗಾಳಿಯಲ್ಲಿ ಬರಿಯ ಉಕ್ಕನ್ನು ಒಂದು ರಾತ್ರಿ ಬಿಟ್ಟರೆ ಬೆಳಗಾಗುವಾಗ ಕೆಂಪಾಗಿರುತ್ತದೆ.

ಶುಚಿಯಾದ ಮೇಲೆ 320 ಅಥವಾ 400 ನಂಬರಿನ ಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ತೆಗೆದು, ಮತ್ತೊಮ್ಮೆ ಎರಡು ಬಟ್ಟೆಯ ವಿಧಾನದಿಂದ ಒರೆಸಿ, ಬರಿಗೈ ತಗಲಿಸದೆ ಬಣ್ಣಕ್ಕೆ ಒಪ್ಪಿಸಬೇಕು. ಒಪೇರಾ ಹೌಸ್ ಬಳಿಯ ಅಂಗಡಿಗಳಿಂದ ತಂದ ಹೊಸ ಬಾಗಿಲು, ಬಾನೆಟ್ಟುಗಳು ಕಪ್ಪು ಪ್ರೈಮರಿನೊಡನೆ ಬಂದಿದ್ದರೂ ಕೈಯಿಂದ ಕೈಗೆ ಹಾಯ್ದು ಬಂದವಾದ್ದರಿಂದ, ಅವಕ್ಕೂ ಈ ಕ್ರಮ ತಪ್ಪಬಾರದು.

ಮಳೆಗಾಲದ ಎಚ್ಚರಿಕೆ

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಈ ಕೆಲಸಕ್ಕೆ ಒಂದು ವಿಶೇಷ ತೊಡಕಿದೆ. ದ್ರವವು ಆರುವಾಗ ತಗಡಿನ ಶಾಖವನ್ನು ಹೀರಿಕೊಳ್ಳುವುದರಿಂದ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವವು ಕಣ್ಣಿಗೆ ಕಾಣದಷ್ಟು ತೆಳುವಾದ ಇಬ್ಬನಿಯಾಗಿ ಅದರ ಮೇಲೆ ಕೂಡುತ್ತದೆ. ಎನ್.ಸಿ. ಬಣ್ಣವು ಮಳೆಗಾಲದಲ್ಲಿ ಬಿಳಿಚಿಕೊಳ್ಳುವುದಕ್ಕೆ ಇದೇ ಕಾರಣ. ಆದ್ದರಿಂದ ಒರೆಸಿದ ಕೂಡಲೇ ಬಣ್ಣ ಹೊಡೆಯದೆ, ತಗಡು ಕೋಣೆಯ ಶಾಖಕ್ಕೆ ಮರಳುವವರೆಗೆ ಕಾಯಬೇಕು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದದ್ದು ನಮಗೆಲ್ಲ ನೆನಪಿದೆ. ಅಂತಹ ನೆರೆಯ ನೀರು ಬರಿಯ ನೀರಲ್ಲ. ಎಂಜಿನ್ನುಗಳ ಎಣ್ಣೆ, ಡೀಸೆಲ್, ಚರಂಡಿಯ ಜಿಡ್ಡು ಎಲ್ಲವೂ ಅದರ ಮೇಲೆ ತೇಲುತ್ತಿರುತ್ತವೆ. ನೀರು ಇಳಿಯುವಾಗ ಆ ಜಿಡ್ಡನ್ನು ತಗಡಿನ ಮೇಲೆ ಬಿಟ್ಟು ಇಳಿಯುತ್ತದೆ. ನೆರೆ ಕಂಡ ವಾಹನಕ್ಕೆ ಪುನಃ ಬಣ್ಣ ಹೊಡೆಸುವವರು ಒಳಮೈಯ ಮೂಲೆಗಳನ್ನೂ ಮೊದಲು ಸಾಬೂನು ನೀರಿನಿಂದ ತೊಳೆಸಿ ಒಣಗಿಸತಕ್ಕದ್ದು.

ಕಲೆ ತೆಗೆಯುವ ಕೈಗಳು

ಇಷ್ಟು ಹೊತ್ತು ತಗಡಿನ ಆರೋಗ್ಯವನ್ನು ಕುರಿತು ಹೇಳಿದ್ದಾಯಿತು. ಮನುಷ್ಯನ ಆರೋಗ್ಯವು ಇದಕ್ಕಿಂತ ದೊಡ್ಡದು.

ಪಶ್ಚಿಮ ಉಪನಗರದ ಒಂದು ಗ್ಯಾರೇಜಿನಲ್ಲಿ ಕಲಬುರಗಿ ಕಡೆಯ ತರುಣನೊಬ್ಬನು ಬರಿಗೈಯನ್ನು ಥಿನ್ನರಿನ ಡಬ್ಬಿಯಲ್ಲಿ ಅದ್ದಿ ಅದ್ದಿ ಪ್ರೈಮರನ್ನು ಒರೆಸುತ್ತಿದ್ದುದನ್ನು ಕಂಡೆ. ಅಂಗೈ ಒಣಗಿದ ಕೆರೆಯಂತೆ ಬಿರಿದಿತ್ತು. "ಕೈಗವಸು ಯಾಕೆ ಹಾಕಿಕೊಂಡಿಲ್ಲ, ತಮ್ಮಾ?" ಎಂದು ಕೇಳಿದೆ. "ಹಾಕ್ಕೊಂಡ್ರ ಕೆಲಸ ಬಿರಿಬಿರಿ ಆಗಂಗಿಲ್ರೀ ಸಾಹೇಬ್ರ. ರಾತ್ರಿ ಮಾತ್ರ ಕೈ ಭಾಳ ಉರೀತಾವ. ಖಾರ ಹಚ್ಚಿದ ರೊಟ್ಟಿ ಮುರಿಯಾಕ ಆಗಂಗಿಲ್ಲ" ಎಂದನು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಕೆಸರು ತೊಳೆದರೆ ಹೋಗುತ್ತದೆ, ಥಿನ್ನರ್ ಹಾಗಲ್ಲ. ದುಡಿದ ಕೈಯೇ ತುತ್ತನ್ನು ಬಾಯಿಗೆ ತರಲಾರದೆ ಹೋದರೆ ಆ ಗಾದೆಗೆ ಅರ್ಥವೆಲ್ಲಿ ಉಳಿಯಿತು?

ಚರ್ಮದ ಮೇಲೆ ಪ್ರಕೃತಿಯು ತೆಳುವಾದ ಜಿಡ್ಡಿನ ಕವಚವನ್ನಿಟ್ಟಿದೆ. ತಗಡಿನ ಎಣ್ಣೆಯನ್ನು ಕರಗಿಸುವ ದ್ರವವು ಈ ಜಿಡ್ಡನ್ನೂ ಕರಗಿಸುತ್ತದೆ. ಅದಕ್ಕೆ ತಗಡು ಚರ್ಮಗಳ ಭೇದ ತಿಳಿಯದು. ಕವಚ ಕಳೆದ ಚರ್ಮವು ಒಣಗಿ, ಬಿರಿದು, ಕಜ್ಜಿಗೆ ಎಡೆಗೊಡುತ್ತದೆ. ಇದು ಹೊರಗೆ ಕಾಣುವ ತೊಂದರೆ. ಕಾಣದವು ಇನ್ನೂ ಗಂಭೀರವಾಗಿವೆ.

ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ಪದಾರ್ಥವಿದೆ. ಅದು ಮೂಳೆಯೊಳಗಿನ ಮಜ್ಜೆಯನ್ನು ಹಾಳುಮಾಡಿ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ನಿಸ್ಸಂದೇಹವಾಗಿ ಸಿದ್ಧವಾಗಿದೆ. ಇಂದಿನ ಭಾರತ್ ಸ್ಟೇಜ್ 6 ಪೆಟ್ರೋಲಿನಲ್ಲಿ ಅದರ ಪ್ರಮಾಣವನ್ನು ಶೇಕಡ 1ಕ್ಕೆ ಮಿತಿಗೊಳಿಸಿದ್ದರೂ, ದಿನವೂ ಪೆಟ್ರೋಲಿನಲ್ಲಿ ಕೈ ತೊಳೆಯುವವನಿಗೆ ಆ ಮಿತಿಯು ರಕ್ಷಣೆಯಾಗದು. ಕೆಲವು ಶುಚಿದ್ರವಗಳಲ್ಲಿರುವ ಹೆಕ್ಸೇನ್ ಎಂಬುದು ಕೈಕಾಲುಗಳ ನರಗಳನ್ನು ಕೆಡಿಸಿ, ಮೊದಲು ಬೆರಳ ತುದಿಗಳಲ್ಲಿ ಜೋಮು, ಅನಂತರ ಬಲಹೀನತೆಯನ್ನು ಉಂಟುಮಾಡುತ್ತದೆ. ಹಳೆಯ ಪ್ರೈಮರುಗಳಲ್ಲಿ ಸೀಸ ಮತ್ತು ಕ್ರೋಮೇಟ್ ಇರುವ ಸಂಭವ ಹೆಚ್ಚು. ಒಣ ಕಾಗದದಿಂದ ಉಜ್ಜಿದಾಗ ಅವು ಧೂಳಾಗಿ ಉಸಿರಿನೊಳಕ್ಕೆ ಸೇರುತ್ತವೆ. ಮನೆಗಳಿಗೆ ಬಳಿಯುವ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗದ ಮಿತಿಗೆ ಇಳಿಸಿದ 2016ರ ನಿಯಮವು ಗೃಹಬಳಕೆಯ ಹಾಗೂ ಅಲಂಕಾರದ ಬಣ್ಣಗಳಿಗೆ ಸಂಬಂಧಿಸಿದ್ದು. ಅದನ್ನು ನಂಬಿ ಗ್ಯಾರೇಜಿನ ಧೂಳನ್ನು ನಿರಪಾಯವೆಂದು ಭಾವಿಸಬಾರದು. ಎರಡು ಡಬ್ಬಿಯ ಪಿ.ಯು. ಬಣ್ಣಗಳ ಹಾರ್ಡನರಿನಲ್ಲಿರುವ ಐಸೊಸೈನೇಟ್ ಉಬ್ಬಸವನ್ನು ತರುತ್ತದೆ. ಒಮ್ಮೆ ಈ ಉಬ್ಬಸ ಹಿಡಿದವನಿಗೆ ಅನಂತರ ಅತಿ ಸ್ವಲ್ಪ ಆವಿಯೂ ಸಾಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರವು ಬಣ್ಣ ಬಳಿಯುವ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಎಣ್ಣೆಯೂ ನಿರಪರಾಧಿಯಲ್ಲ. ಗಿರಣಿಗಳ ಈ ನಗರಕ್ಕೆ ಒಂದು ಹಳೆಯ ಪಾಠವನ್ನು ನೆನಪಿಸಬಹುದು. ಇಂಗ್ಲೆಂಡಿನ ಲ್ಯಾಂಕಶೈರ್ ಹತ್ತಿ ಗಿರಣಿಗಳಲ್ಲಿ ನೂಲುವ ಯಂತ್ರದ ಖನಿಜ ತೈಲವು ಕಾರ್ಮಿಕರ ಬಟ್ಟೆಯನ್ನು ವರ್ಷಗಟ್ಟಲೆ ತೋಯಿಸಿ, ತೊಡೆಸಂದಿಯ ಚರ್ಮದ ಕ್ಯಾನ್ಸರಿಗೆ ಕಾರಣವಾದ ಸಂಗತಿಯನ್ನು 1920ರ ದಶಕದಲ್ಲಿ ವೈದ್ಯರು ಬಯಲಿಗೆ ತಂದರು. ಎಣ್ಣೆ ತೋಯ್ದ ಫಡಕೆಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಳ್ಳುವ ನಮ್ಮ ಮೆಕ್ಯಾನಿಕರು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ರಕ್ಷಣೆಯ ಉಪಾಯಗಳು

ಇವುಗಳಲ್ಲಿ ಹೆಚ್ಚಿನವು ದುಬಾರಿಯಲ್ಲ.

ಅ) ಜಿಡ್ಡು ತೆಗೆಯಲು ಪೆಟ್ರೋಲನ್ನು ಯಾವ ಕಾರಣಕ್ಕೂ ಬಳಸಬಾರದು. ಅದರ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಬೀಡಿಯ ಕಿಡಿಯನ್ನೋ ವೆಲ್ಡಿಂಗಿನ ಕಿಡಿಯನ್ನೋ ಮುಟ್ಟಿ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಯು ಅಷ್ಟು ಬೇಗ ಹೊತ್ತದಿದ್ದರೂ ತಾನೇ ಒಂದು ಜಿಡ್ಡಿನ ಪದರವನ್ನು ಬಿಟ್ಟುಹೋಗುವುದರಿಂದ ಬಣ್ಣದ ಕೆಲಸಕ್ಕೆ ಉಪಯೋಗವಿಲ್ಲ.

ಆ) ಟರ್ಪೆಂಟೈನಿನಂತಹ ದ್ರವಗಳಿಗೆ ನೈಟ್ರೈಲ್ ಕೈಗವಸು ತಕ್ಕದ್ದು. ತೆಳುವಾದ ಸಾಧಾರಣ ರಬ್ಬರಿನ ಗವಸು ಇವುಗಳಲ್ಲಿ ಉಬ್ಬಿ ಹರಿಯುತ್ತದೆ. ಥಿನ್ನರಿನ ಎದುರು ತೆಳುವಾದ ನೈಟ್ರೈಲೂ ಬಹಳ ಹೊತ್ತು ನಿಲ್ಲದು, ತೊಯ್ದೊಡನೆ ಬದಲಾಯಿಸಬೇಕು.

ಇ) ಮುಖಕ್ಕೆ ಕಟ್ಟಿದ ಕರವಸ್ತ್ರವು ಆವಿಯನ್ನು ತಡೆಯುವುದಿಲ್ಲ. ಧೂಳಿಗೆ ಧೂಳಿನ ಮಾಸ್ಕ್, ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಜ್ ಮಾಸ್ಕ್ ಬೇಕು. ಪಿ.ಯು. ಬಣ್ಣವನ್ನು ಸಿಂಪಡಿಸುವವನಿಗೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಒದಗಿಸುವ ಸಾಧನವೇ ಬೇಕು.

ಈ) ಹಳೆಯ ಪ್ರೈಮರನ್ನು ಒಣಗಿದ್ದಂತೆ ಉಜ್ಜದೆ ವಾಟರ್ ಪೇಪರಿನಿಂದ ತೇವದಲ್ಲಿ ಉಜ್ಜಬೇಕು. ಬಟ್ಟೆಯ ಮೇಲಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಿಸಿಕೊಳ್ಳಬಾರದು.

ಉ) ಕೈಯ ಗ್ರೀಸನ್ನು ತೆಗೆಯಲು ಥಿನ್ನರ್ ಬೇಕಾಗಿಲ್ಲ. ಮೊದಲು ಸ್ವಲ್ಪ ಅಡಿಗೆಯ ಎಣ್ಣೆಯನ್ನು ಸವರಿ ತಿಕ್ಕಿ, ಬಟ್ಟೆಯಿಂದ ಒರೆಸಿ, ಆಮೇಲೆ ಸಾಬೂನಿನಿಂದ ತೊಳೆದರೆ ಗ್ರೀಸು ಹೋಗುತ್ತದೆ. ಮಲಗುವಾಗ ಕೊಬ್ಬರಿ ಎಣ್ಣೆಯನ್ನು ಹಚ್ಚಿದರೆ ಚರ್ಮವು ಕಳೆದುಕೊಂಡ ಜಿಡ್ಡು ಸ್ವಲ್ಪ ಮಟ್ಟಿಗೆ ಮರಳುತ್ತದೆ. ಚಹಾ, ತಿಂಡಿ, ಬೀಡಿ ಇವಕ್ಕೆ ಮುನ್ನ ಕೈ ತೊಳೆಯುವುದು ಕಡ್ಡಾಯ.

ಊ) ಕೆಲಸದ ಬಟ್ಟೆಯನ್ನು ಗ್ಯಾರೇಜಿನಲ್ಲಿಯೇ ಕಳಚಿ ಬೇರೆಯಾಗಿ ತೊಳೆಯಬೇಕು. ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಮಾಡುವವನು ಸೀಸದ ಧೂಳಿನ ಅಂಗಿಯಲ್ಲಿ ಮಗುವನ್ನು ಎತ್ತಿಕೊಂಡರೆ ಆ ಧೂಳು ಮಗುವಿನ ಬಾಯಿಗೆ ಹೋಗುತ್ತದೆ. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುವ ವಿಷ.

ಋ) ದ್ರವಗಳನ್ನು ತಂಪುಪಾನೀಯದ ಬಾಟಲಿಗಳಲ್ಲಿ ತುಂಬಿಡಬಾರದು. ಯಾರಾದರೂ ಸೀಮೆಎಣ್ಣೆ, ಟರ್ಪೆಂಟೈನುಗಳನ್ನು ನುಂಗಿದರೆ ವಾಂತಿ ಮಾಡಿಸಲೇಕೂಡದು. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಾಪಾಯವಾಗುತ್ತದೆ. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು.

ೠ) ಬಳಸಿದ ಬಟ್ಟೆಗಳನ್ನು ರಾಶಿ ಹಾಕದೆ, ನೀರಿನಲ್ಲಿ ನೆನೆಸಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಇಡಬೇಕು. ಅಗಸೆ ಎಣ್ಣೆಯಂತಹ ಒಣಗುವ ಎಣ್ಣೆ ಅಥವಾ ಅದರಿಂದಾದ ಬಣ್ಣ ಹಿಡಿದ ಬಟ್ಟೆಯ ರಾಶಿಯು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲುದು. ಕೊಳೆ ಎಣ್ಣೆಯನ್ನು ಚರಂಡಿಗೆ ಸುರಿಯಬಾರದು. ಈ ನಗರದ ಗ್ಯಾರೇಜುಗಳ ಜಿಡ್ಡನ್ನು ಮಿಠಿ ನದಿ ಈಗಾಗಲೇ ಬೇಕಾದಷ್ಟು ಕುಡಿದಿದೆ.

ವೈದ್ಯರಿಗೆ ಹೇಳಬೇಕಾದ ಮಾತು

ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಜಿನಿ 1700ರಲ್ಲಿ ಪ್ರಕಟಿಸಿದ ವೃತ್ತಿರೋಗಗಳ ಗ್ರಂಥದಲ್ಲಿ, ರೋಗಿಯನ್ನು ಕೇಳುವ ಪ್ರಶ್ನೆಗಳೊಡನೆ ಅವನ ಉದ್ಯೋಗವೇನೆಂದೂ ಕೇಳಬೇಕೆಂದು ತನ್ನ ಸಹೋದ್ಯೋಗಿಗಳಿಗೆ ಉಪದೇಶಿಸಿದನು. ಚಿತ್ರಕಾರರ ಕಾಯಿಲೆಗಳಿಗೆ ಬಣ್ಣಗಳೇ ಕಾರಣವೆಂಬುದನ್ನೂ ಅವನು ಗುರುತಿಸಿದ್ದನು. ನಮ್ಮ 1948ರ ಕಾರ್ಖಾನೆ ಕಾಯಿದೆಯ ಅನುಸೂಚಿಯಲ್ಲಿಯೂ ಸೀಸದ ವಿಷ, ಬೆಂಜೀನ್ ವಿಷ, ಕ್ರೋಮಿನ ಹುಣ್ಣು ಇವು ವರದಿಮಾಡಲೇಬೇಕಾದ ರೋಗಗಳ ಸಾಲಿನಲ್ಲಿದ್ದುವು. ಆದರೆ ನಾಲ್ಕಾರು ಮಂದಿ ದುಡಿಯುವ ರಸ್ತೆಬದಿಯ ಗ್ಯಾರೇಜುಗಳು ಕಾರ್ಖಾನೆಯೆಂಬ ವ್ಯಾಖ್ಯೆಯೊಳಗೆ ಬರಲಿಲ್ಲ.

ಆದ್ದರಿಂದ ಜಾಗೃತಿಯು ಕಾರ್ಮಿಕನಿಂದಲೇ ಆರಂಭವಾಗಬೇಕು. ಬೆರಳ ತುದಿಗಳ ಜೋಮು, ಬಿಡದ ತಲೆನೋವು, ಕಾರಣವಿಲ್ಲದ ಹೊಟ್ಟೆಶೂಲೆ ಮತ್ತು ಆಯಾಸ, ರಜೆಯ ದಿನ ಕಡಿಮೆಯಾಗಿ ಕೆಲಸದ ದಿನ ಮರಳುವ ಕೆಮ್ಮು ಇವು ಕಂಡರೆ ಅಲಕ್ಷಿಸಬಾರದು. ಸಯನ್, ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲ್ಲಿನ ನಾಯರ್, ಈ ಮೂರೂ ಮಹಾನಗರಪಾಲಿಕೆಯ ಆಸ್ಪತ್ರೆಗಳೇ. ಅಲ್ಲಿಗೆ ಹೋದಾಗ ಕೆಮ್ಮು ಎಂದಷ್ಟೇ ಹೇಳದೆ, "ನಾನು ಗಾಡಿಗೆ ಬಣ್ಣ ಹೊಡೆಯುವವನು, ಇಷ್ಟು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ, ಇಂಥ ದ್ರವವನ್ನು ಬಳಸುತ್ತೇನೆ" ಎಂದು ಹೇಳಬೇಕು. ಸಾಧ್ಯವಾದರೆ ಡಬ್ಬಿಯ ಮೇಲಿನ ಚೀಟಿಯನ್ನೂ ಒಯ್ಯಬೇಕು.

ವಾಹನದ ಒಡೆಯರ ಕರ್ತವ್ಯ

ಈ ಸಂಚಿಕೆಯ ವಾಚಕರಲ್ಲಿ ಹೆಚ್ಚಿನವರು ಬಣ್ಣ ಹೊಡೆಯುವವರಲ್ಲ, ಹೊಡೆಸುವವರು. ನಮ್ಮ ಕೈಯಲ್ಲಿಯೂ ಕೆಲವು ಸಂಗತಿಗಳಿವೆ. "ನಾಳೆ ಸಂಜೆಯೊಳಗೆ ಗಾಡಿ ಬೇಕು" ಎಂದು ನಾವು ಅವಸರಪಡಿಸಿದಾಗ ಮೊದಲು ಬಿಟ್ಟುಹೋಗುವುದು ಶುಚಿಯ ಕೆಲಸ. ಅನಂತರ ಬಿಟ್ಟುಹೋಗುವುದು ಕೈಗವಸು. ಬಣ್ಣದ ದರವನ್ನು ಚೌಕಾಸಿ ಮಾಡುವಾಗ ಗವಸು ಮತ್ತು ಮಾಸ್ಕುಗಳ ಖರ್ಚನ್ನು ನಾವೇ ಬೇರೆಯಾಗಿ ಕೊಡಲು ಒಪ್ಪಿದರೆ, ಇಡೀ ಬಿಲ್ಲಿನಲ್ಲಿ ಅದು ಲೆಕ್ಕಕ್ಕೆ ಸಿಕ್ಕದಷ್ಟು ಸಣ್ಣ ಮೊತ್ತ. ಹದಿನಾಲ್ಕು ವರ್ಷದೊಳಗಿನ ಬಾಲಕರನ್ನು ಯಾವ ಉದ್ಯೋಗದಲ್ಲಿಯೂ ದುಡಿಸಕೂಡದೆಂಬುದು 2016ರ ತಿದ್ದುಪಡಿಯ ನಂತರದ ಕಾನೂನು. ಅಂತಹ ಗ್ಯಾರೇಜಿಗೆ ನಮ್ಮ ಗಾಡಿಯನ್ನು ಒಯ್ಯದಿರುವುದು ನಮ್ಮಿಂದ ಆಗದ ಕೆಲಸವೇನಲ್ಲ.

ನಮ್ಮ ಸಂಘಗಳು ವರ್ಷಕ್ಕೊಮ್ಮೆ ಏರ್ಪಡಿಸುವ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಜೊತೆಗೆ, ನೆರೆಯ ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ನಾಡಿನ ತರುಣರ ಚರ್ಮ ಮತ್ತು ಶ್ವಾಸಕೋಶಗಳ ತಪಾಸಣೆಗೂ ಅವಕಾಶ ಮಾಡಿಕೊಡಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಸಭಾಗೃಹದ ಸಮಾರಂಭಗಳಿಗೆ ಅವರು ಬರುವುದಿಲ್ಲ. ಭಾನುವಾರವೂ ಅವರಿಗೆ ಕೆಲಸವಿರುತ್ತದೆ. ಶಿಬಿರವೇ ಅವರಿದ್ದಲ್ಲಿಗೆ ಹೋಗಬೇಕಾದೀತು. ಪ್ರೈಮರಿನ ಮೇಲಣ ಕಲೆಯನ್ನು ಒಂದು ಗಂಟೆಯಲ್ಲಿ ತೆಗೆಯಬಹುದು. ಅದನ್ನು ತೆಗೆದ ಕೈಗಳು ಮೂವತ್ತು ವರ್ಷ ದುಡಿಯಬೇಕಾಗಿದೆ ಎಂಬುದನ್ನು ನೆನಪಿಟ್ಟು, ಮುಂದಿನ ಸಲ ವಾಹನವನ್ನು ಗ್ಯಾರೇಜಿಗೆ ಒಯ್ಯುವಾಗ ಒಂದು ಜೊತೆ ಕೈಗವಸನ್ನು ವಾಚಕರು ಜೊತೆಯಲ್ಲಿ ಒಯ್ದರೆ ಈ ಲೇಖನದ ಉದ್ದೇಶವು ಸಫಲವಾದಂತೆ.